ನನ್ನ ಮಗಳ ಫೋಟೋ ಏಕೆ ತೆಗೆದಿರಿ? ಕನ್ನಡ ಕೂಟದ ಸಮಿತಿಗೆ ಒಂದು ಬಹಿರಂಗ ಪತ್ರ

ನಮ್ಮ ಕನ್ನಡ ಕೂಟದ ಅಧ್ಯಕ್ಷರಿಗೆ, ಕಾರ್ಯಕಾರಿ ಸಮಿತಿಯ ಸದಸ್ಯರಿಗೆ, ಹಾಗೂ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಹೆಣ್ಣುಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಈ ಕೂಟಕ್ಕೆ 14 ವರ್ಷಗಳಿಂದ ಸದಸ್ಯೆ. ಯುಗಾದಿ ಊಟಕ್ಕೆ ಹೋಳಿಗೆ ತಟ್ಟಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ನಿಮ್ಮ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದ್ದೇನೆ. ಕೂಟದ ಮೇಲೆ ಪ್ರೀತಿ ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆರು ತಿಂಗಳು ಸುಮ್ಮನಿದ್ದೆ. ಆಮೇಲೆ ಬೇರೆ ಊರಿನ ಇಬ್ಬರು ತಾಯಂದಿರ ಜೊತೆ ಮಾತಾಡಿದೆ. ಅವರ ಮನೆಯಲ್ಲೂ ಹೆಚ್ಚು ಕಡಿಮೆ ಇದೇ ಆಗಿದೆ ಎಂದು ಗೊತ್ತಾಯಿತು. ಹಾಗಾಗಿ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ನನ್ನ ಜಗಳ ಒಬ್ಬ ವ್ಯಕ್ತಿಯ ಜೊತೆ ಅಲ್ಲ.

ನಡೆದದ್ದು ಇಷ್ಟು. ಈ ವರ್ಷ ಡಿಗ್ರಿ ಮುಗಿಸುವ ಮಕ್ಕಳನ್ನು ಯುಗಾದಿ ಕಾರ್ಯಕ್ರಮದಲ್ಲಿ ಗೌರವಿಸುತ್ತೇವೆ, ಒಂದು ಫೋಟೋ ಕಳಿಸಿ ಎಂದು ಮಾರ್ಚ್‌ನಲ್ಲಿ ನೀವು ಕೇಳಿದಿರಿ. ನಾನು ಒಂದೇ ಫೋಟೋ ಕಳಿಸಿದೆ. ನನ್ನ ಮಗಳು ಕಾಲೇಜಿನ ಜಿಮ್ನಾಸ್ಟಿಕ್ಸ್ ಟೀಮಿನಲ್ಲಿದ್ದವಳು. ಆ ಫೋಟೋದಲ್ಲಿ ಅವಳು ಬೀಮ್ ಎಂಬ ಕಿರಿದಾದ ಪಟ್ಟಿಯ ಮೇಲೆ ಜಿಗಿದು (ಅದಕ್ಕೆ ಲೀಪ್ ಎನ್ನುತ್ತಾರೆ) ಗಾಳಿಯಲ್ಲಿದ್ದಾಳೆ. ಎರಡೂ ಕಾಲು ನೇರ ಗೆರೆಯಂತೆ ಚಾಚಿವೆ. ಮೈಮೇಲೆ ಅವಳ ಕಾಲೇಜಿನ ಬಣ್ಣದ ಲಿಯೋಟಾರ್ಡ್, ಎಂದರೆ ಈ ಆಟದವರು ಹಾಕುವ ಮೈಗಂಟುವ ಉಡುಪು. ಕಾರ್ಯಕ್ರಮದ ದಿನ ಅವಳು ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳು, ನಾನೇ ಒತ್ತಾಯ ಮಾಡಿ ಕರೆಸಿದ್ದೆ. ಪರದೆಯ ಮೇಲೆ ಒಬ್ಬೊಬ್ಬರೇ ಮಕ್ಕಳು ಬಂದರು. ಸೂಟ್ ಹಾಕಿದವರು, ಸೀರೆ ಉಟ್ಟವರು, ರಂಗಪ್ರವೇಶದ ವೇಷದಲ್ಲಿದ್ದವರು. ನನ್ನ ಮಗಳ ಹೆಸರು ಬಂದಾಗ ಬಂದದ್ದು 9 ವರ್ಷದ ಒಂದು ಹುಡುಗಿಯ ಫೋಟೋ. ಲಂಗ ರವಿಕೆ ಹಾಕಿ ಕೋಲಾಟ ಆಡಿದ್ದ ಹಳೆಯ ಫೋಟೋ. ಕೂಟದ ಆಲ್ಬಮ್‌ನಿಂದ ಹುಡುಕಿ ತೆಗೆದದ್ದು.

ಊಟದ ಸಾಲಿನಲ್ಲಿ ಸಮಿತಿಯ ಒಬ್ಬರನ್ನು ಕೇಳಿದೆ. "ಬೇಜಾರು ಮಾಡ್ಕೋಬೇಡಿ ಅಕ್ಕ. ಹಿರಿಯರೆಲ್ಲ ಕೂತಿರ್ತಾರೆ. ಆ ಬಟ್ಟೆ ಸರಿ ಕಾಣಲ್ಲ ಅಂತ ಎಲ್ಲರೂ ಅಂದ್ರು" ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, "ಎಷ್ಟಾದ್ರೂ ಅದು ದೊಂಬರಾಟದ ಥರ ಅಲ್ವಾ" ಎಂದರು. ನನ್ನ ಮಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ನೀವೇ ಕಲಿಸಿದ್ದು, ನಾನೇ ಕಲಿಸಿದ್ದು. ಅವಳಿಗೆ ಎರಡೂ ಮಾತು ಕೇಳಿಸಿದವು.

ಕಾರಿನಲ್ಲಿ ಅವಳು ಅಳಲಿಲ್ಲ. "ಅಮ್ಮ, ನಾಲ್ಕು ವರ್ಷದಲ್ಲಿ ಅದು ನನ್ನ ಬೆಸ್ಟ್ ಲೀಪ್" ಎಂದಳು, ಅಷ್ಟೇ.

ಆ ಫೋಟೋದಲ್ಲಿ ಏನಿತ್ತು ಎಂದು ಈಗ ಹೇಳುತ್ತೇನೆ. ಯಾಕೆಂದರೆ ಅದನ್ನು ತೆಗೆದವರು ಬಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ ಎಂದು ನನಗೆ ಅನಿಸುತ್ತದೆ. ಅದು ಅವರ ತಪ್ಪು ಎನ್ನಲಾರೆ. ನೋಡುವುದಕ್ಕೆ ನಾವು ಯಾವತ್ತೂ ಹೋಗಿಯೇ ಇಲ್ಲ.

ಕಾಲೇಜು ಹುಡುಗಿಯರ ಜಿಮ್ನಾಸ್ಟಿಕ್ಸ್ ಸೀಸನ್ ಜನವರಿಯಲ್ಲಿ ಶುರುವಾಗುತ್ತದೆ. ನಾವು ಎಳ್ಳು ಬೆಲ್ಲ ಹಂಚುವ ಹೊತ್ತಿಗೆ ಅವರು ಆಗಲೇ ಒಂದೆರಡು ಮೀಟ್, ಎಂದರೆ ಪಂದ್ಯ, ಮುಗಿಸಿರುತ್ತಾರೆ. ಅಲ್ಲಿಂದ ಮಾರ್ಚ್‌ವರೆಗೆ ಹೆಚ್ಚು ಕಡಿಮೆ ಪ್ರತಿ ವಾರ ಒಂದು ಮೀಟ್. ಒಂದು ವಾರ ಮನೆಯಂಗಳದಲ್ಲಿ, ಇನ್ನೊಂದು ವಾರ ಹಿಮದಲ್ಲಿ ಎಂಟು ಗಂಟೆ ಬಸ್ಸಿನಲ್ಲಿ ಹೋಗಿ. ಮಾರ್ಚ್ ಕೊನೆಗೆ ಕಾನ್ಫರೆನ್ಸ್, ಎಂದರೆ ಕೆಲವು ಕಾಲೇಜುಗಳ ಒಂದು ಗುಂಪಿನ, ಚಾಂಪಿಯನ್‌ಶಿಪ್. ಅದಾದ ಮೇಲೆ ದೇಶದಲ್ಲಿ 36 ಟೀಮುಗಳಿಗೆ ಮಾತ್ರ ಮುಂದಿನ ಸುತ್ತಾದ ರೀಜನಲ್ಸ್‌ಗೆ ಕರೆ. ಅವುಗಳಲ್ಲಿ ಎಂಟು ರಾಷ್ಟ್ರೀಯ ಸುತ್ತಿಗೆ, ನಾಲ್ಕು ಫೈನಲ್‌ಗೆ. ನಮ್ಮ ಯುಗಾದಿ ಬರುವುದು ಸರಿಯಾಗಿ ಈ ಹೊತ್ತಿಗೆ.

ವಾಲ್ಟ್ (ಓಡಿ ಬಂದು ಮೇಜಿನಂಥದ್ದರ ಮೇಲೆ ಕೈಯೂರಿ ಹಾರುವುದು), ಬಾರ್ಸ್ (ಎರಡು ಅಡ್ಡ ಕಂಬಿಗಳನ್ನು ಹಿಡಿದು ಮಾಡುವುದು), ಬೀಮ್, ಫ್ಲೋರ್ (ನೆಲದ ಮೇಲೆ ಸಂಗೀತಕ್ಕೆ ಮಾಡುವುದು) ಎಂದು ನಾಲ್ಕು ವಿಭಾಗ. ಒಂದೊಂದರಲ್ಲೂ ಒಂದು ಟೀಮಿನಿಂದ ಆರು ಹುಡುಗಿಯರು. ಅವರಲ್ಲಿ ಐದು ಒಳ್ಳೆಯ ಸ್ಕೋರ್ ಮಾತ್ರ ಲೆಕ್ಕಕ್ಕೆ. ಒಬ್ಬೊಬ್ಬಳಿಗೆ 10 ಪೂರ್ಣ ಅಂಕ, ಟೀಮಿಗೆ 200. ಒಲಿಂಪಿಕ್ಸ್ ಕಡೆಯವರು 2006ರಲ್ಲಿ ಆ 10ರ ಲೆಕ್ಕವನ್ನು ಬಿಟ್ಟರು. ಕಾಲೇಜಿನವರು ಬಿಡಲಿಲ್ಲ. ಹಾಗಾಗಿ ಏನೂ ತಿಳಿಯದೆ ಹೋಗಿ ಕೂತ ನನ್ನಂಥವಳಿಗೂ ಬೇಗ ಅರ್ಥವಾಯಿತು.

ಆರು ಜನ, ಐದು ಸ್ಕೋರ್. ಈ ಒಂದು ನಿಯಮದಲ್ಲಿ ನಾನು ನಾಲ್ಕು ವರ್ಷ ಬದುಕಿದ್ದೇನೆ. ಒಬ್ಬಳು ಬಿದ್ದರೆ ಅವಳ ಸ್ಕೋರ್ ಬಿಟ್ಟುಬಿಡಬಹುದು. ಆದರೆ ಉಳಿದ ಐವರಲ್ಲಿ ಯಾರೂ ಬೀಳಬಾರದು. ಹಾಗಾಗಿ ಬಿದ್ದವಳು ಮೂಲೆಯಲ್ಲಿ ಮುಖ ಮುಚ್ಚಿ ಕೂರುವುದಿಲ್ಲ. ಮುಂದಿನವಳು ಹತ್ತುವಾಗ ಎಲ್ಲರಿಗಿಂತ ಜೋರಾಗಿ ಕೂಗುವವಳು ಅವಳೇ. ಕೈಯೆಲ್ಲ ಚಾಕ್ ಪುಡಿ, ಕಣ್ಣಲ್ಲಿ ನೀರು, ಗಂಟಲು ಬಿದ್ದುಹೋಗಿರುತ್ತದೆ, ಆದರೂ ಕೂಗು ನಿಲ್ಲುವುದಿಲ್ಲ.

ನನ್ನ ಮಗಳು ಸ್ಕಾಲರ್‌ಶಿಪ್ ಇಲ್ಲದೆ ಟೀಮಿಗೆ ಸೇರಿದವಳು. ಇಲ್ಲಿ ಅದಕ್ಕೆ ವಾಕ್-ಆನ್ ಎನ್ನುತ್ತಾರೆ. ಮೊದಲ ವರ್ಷ ಒಂದೇ ಒಂದು ಸಲವೂ ಅವಳಿಗೆ ಲೈನಪ್‌ನಲ್ಲಿ, ಎಂದರೆ ಆ ಆರು ಜನರಲ್ಲಿ, ಜಾಗ ಸಿಗಲಿಲ್ಲ. ಬಾಟಲಿಗೆ ನೀರು ತುಂಬಿದಳು, ಮ್ಯಾಟ್ ಎಳೆದಳು, ಬಾರ್‌ಗೆ ಚಾಕ್ ಹಚ್ಚಿದಳು. ಎರಡನೇ ವರ್ಷ ಎಕ್ಸಿಬಿಷನ್ ಅಂತ ಬಿಟ್ಟರು. ಎಂದರೆ ಆರು ಜನ ಮುಗಿಸಿದ ಮೇಲೆ ಏಳನೆಯವಳಾಗಿ ಮಾಡಬಹುದು, ಅಂಕ ಲೆಕ್ಕಕ್ಕಿಲ್ಲ. ಮೂರನೇ ವರ್ಷ ಪಾದದ ಮೂಳೆ ಬಿರುಕು ಬಿಟ್ಟು ಅರ್ಧ ಸೀಸನ್ ಹೋಯಿತು. ಈ ವರ್ಷ, ಕೊನೆಯ ವರ್ಷ, ಬೀಮ್ ಲೈನಪ್‌ನಲ್ಲಿ ಮೂರನೆಯವಳಾಗಿ ಜಾಗ ಸಿಕ್ಕಿತು.

ಬೀಮ್ ಎಂದರೆ 10 ಸೆಂಟಿಮೀಟರ್ ಅಗಲದ ಪಟ್ಟಿ. ನಿಮ್ಮ ಅಂಗೈ ಚಾಚಿ ನೋಡಿ, ಹೆಚ್ಚು ಕಡಿಮೆ ಅಷ್ಟೇ. 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ. ಅದರ ಮೇಲೆ ಹಿಂದಕ್ಕೆ ಪಲ್ಟಿ ಹೊಡೆದು, ಕಣ್ಣಿಗೆ ಕಾಣದ ಜಾಗಕ್ಕೆ ಕಾಲಿಡಬೇಕು. ಬಿದ್ದರೆ ಅರ್ಧ ಅಂಕ ಹೋಯಿತು. ಸ್ವಲ್ಪ ಅಲ್ಲಾಡಿದರೂ ಜಡ್ಜ್ ಬರೆದುಕೊಳ್ಳುತ್ತಾರೆ.

ಜನವರಿಯ ಮೊದಲ ಮೀಟ್‌ನಲ್ಲಿ ಅವಳು ಬಿದ್ದಳು. 9.225. ಅವಳ ಹಿಂದೆ ಬಂದವಳೂ ಬಿದ್ದಳು. ಟೀಮಿನ ಮೊತ್ತ 194 ಮುಟ್ಟಲಿಲ್ಲ. ಆ ರಾತ್ರಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬಿಟ್ಟುಬಿಡುತ್ತೇನೆ ಎಂದು ಅಳುತ್ತಿದ್ದಳಂತೆ. ನನ್ನ ಮಗಳು ಅವಳನ್ನು ಕೂರಿಸಿಕೊಂಡು 2024ರ ಓಕ್ಲಹೋಮ ಟೀಮಿನ ವಿಡಿಯೋ ತೋರಿಸಿದ್ದಾಳೆ. ದೇಶಕ್ಕೇ ನಂಬರ್ ಒನ್ ಆಗಿದ್ದ ಟೀಮು. ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ವಾಲ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಬಿದ್ದು ಫೈನಲ್‌ಗೇ ಹೋಗಲಿಲ್ಲ. ಅದೇ ಟೀಮು 2025ರ ಏಪ್ರಿಲ್‌ನಲ್ಲಿ ಫೋರ್ಟ್ ವರ್ತ್‌ನಲ್ಲಿ 198.0125 ಅಂಕ ತೆಗೆದು ಚಾಂಪಿಯನ್ ಆಯಿತು. ಆ ಹೊಸ ಹುಡುಗಿ ಟೀಮು ಬಿಡಲಿಲ್ಲ.

ವಾರಕ್ಕೆ 20 ಗಂಟೆ ಅಭ್ಯಾಸ. ಅದಕ್ಕಿಂತ ಜಾಸ್ತಿ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಬಾರ್ ಹಿಡಿದು ಅಂಗೈ ಚರ್ಮ ಕಿತ್ತು ಬಂದಿರುತ್ತದೆ. ಮನೆಗೆ ಬಂದಾಗ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುತ್ತಿದ್ದಳು. ಅವಳ ಮಾರ್ಕ್ಸ್ ಎಷ್ಟು ಎಂದು ಈ ಪತ್ರದಲ್ಲಿ ಬೇಕೆಂದೇ ಹೇಳುತ್ತಿಲ್ಲ. ಆಟಕ್ಕೆ ಗೌರವ ಬೇಕು ಎಂದಾಗೆಲ್ಲ ನಾವು ಮಾರ್ಕ್ಸ್ ತೋರಿಸಿ ಜಾಮೀನು ಕೊಡುತ್ತೇವೆ. ಅದನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಬೀಳುವುದು ಕಡಿಮೆಯಾಯಿತು. ಟೀಮುಗಳ ರ‍್ಯಾಂಕಿಂಗ್ ಲೆಕ್ಕ, ಎಂದರೆ ಆ 36 ಟೀಮುಗಳು ಯಾವುವು ಎಂದು ತೀರ್ಮಾನಿಸುವ ಲೆಕ್ಕ, ಹೀಗಿದೆ: ಇಡೀ ಸೀಸನ್ನಿನ ಆರು ಒಳ್ಳೆಯ ಸ್ಕೋರ್ ತೆಗೆದುಕೊಳ್ಳಬೇಕು, ಅದರಲ್ಲಿ ಮೂರಾದರೂ ಬೇರೆಯವರ ಊರಿನಲ್ಲಿ ಬಂದದ್ದಾಗಿರಬೇಕು. ಅತಿ ದೊಡ್ಡದನ್ನು ಬಿಟ್ಟು ಉಳಿದ ಐದರ ಸರಾಸರಿ. ಎಂದರೆ ಒಂದು ದಿನದ ಅದೃಷ್ಟಕ್ಕೆ ಬೆಲೆ ಇಲ್ಲ. ಬೇರೆ ಊರಿನಲ್ಲಿ, ನಿಮಗಾಗಿ ಯಾರೂ ಚಪ್ಪಾಳೆ ತಟ್ಟದ ಜಾಗದಲ್ಲಿ, ಬಸ್ಸಿನಿಂದ ಇಳಿದ ಕಾಲಿನಲ್ಲಿ ಚೆನ್ನಾಗಿ ಮಾಡಬೇಕು.

ಮನೆಯಂಗಳದ ಕೊನೆಯ ಮೀಟ್ ದಿನ ಸೀನಿಯರ್ ನೈಟ್. ಕೊನೆಯ ವರ್ಷದ ಹುಡುಗಿಯರನ್ನು ಅಪ್ಪ ಅಮ್ಮನ ಜೊತೆ ನಡುವೆ ಕರೆಸಿ ಹೂ ಕೊಡುತ್ತಾರೆ. ಆ ದಿನ ಅವಳು ಬೀಮ್ ಹತ್ತಿದಾಗ ನಾನು ಉಸಿರಾಡಲಿಲ್ಲ. ಒಂದು ನಿಮಿಷ ಚಿಲ್ಲರೆ. ಇಳಿದಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತಿತು, ಒಂದು ಹೆಜ್ಜೆ ಅಲುಗಲಿಲ್ಲ. 9.825. ಟೀಮು ಈ ಸೀಸನ್ನಿನಲ್ಲಿ ಮೊದಲ ಸಲ 196 ದಾಟಿತು. ಆ 36ರಲ್ಲಿ ನಾವು ಬರಲಿಲ್ಲ, ಕಾನ್ಫರೆನ್ಸ್‌ಗೇ ನಮ್ಮ ಸೀಸನ್ ಮುಗಿಯಿತು. ಆದರೆ ಆ ರಾತ್ರಿ ಹುಡುಗಿಯರೆಲ್ಲ ನಾನು ಒಯ್ದಿದ್ದ ಚಿತ್ರಾನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಎಲ್ಲರೂ ಒಟ್ಟಿಗೆ ಅಳುತ್ತಿದ್ದರು, ಒಟ್ಟಿಗೆ ನಗುತ್ತಿದ್ದರು.

ನಾನು ಕಳಿಸಿದ ಫೋಟೋ ಆ ರಾತ್ರಿಯದು.

ಈಗ ದೊಂಬರಾಟದ ಮಾತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಹತ್ತಿರದ ಹಳ್ಳಿಯಲ್ಲಿ. ಸಂತೆ ದಿನ ಹಗ್ಗದ ಮೇಲೆ ಕೋಲು ಹಿಡಿದು ನಡೆಯುವ ಹುಡುಗಿಯನ್ನು ನೋಡಿದ್ದೇನೆ. ನನ್ನಷ್ಟೇ ವಯಸ್ಸು ಅವಳಿಗೆ. ಕೆಳಗೆ ಅವಳ ಅಪ್ಪ ಡೋಲು ಬಡಿಯುತ್ತಿದ್ದ. ನಾವು ಬಾಯಿ ಬಿಟ್ಟು ನೋಡಿದೆವು, ನಾಲ್ಕಾಣೆ ಹಾಕಿ ಹೋದೆವು. ಆ ಹುಡುಗಿಗೆ ಶಾಲೆ ಇರಲಿಲ್ಲ, ಕೆಳಗೆ ಮ್ಯಾಟ್ ಇರಲಿಲ್ಲ, ಬಿದ್ದರೆ ಡಾಕ್ಟರ್ ಇರಲಿಲ್ಲ. ಅವಳ ವಿದ್ಯೆಗೆ ನಾವು ಕೊಟ್ಟ ಹೆಸರನ್ನೇ ಬೈಗುಳ ಮಾಡಿಕೊಂಡೆವು. ನನ್ನ ಮಗಳನ್ನು ಅವಳಿಗೆ ಹೋಲಿಸಿದ್ದರಿಂದ ನನಗೆ ಅವಮಾನ ಆಗಿಲ್ಲ. ಆ ಹುಡುಗಿಯನ್ನು ಕೀಳು ಎಂದು ಅಂದುಕೊಂಡೇ ಆ ಮಾತು ಆಡಿದಿರಲ್ಲ, ಅದು ನನಗೆ ನೋವು.

2016ರ ಆಗಸ್ಟ್ ನೆನಪಿಸಿಕೊಳ್ಳಿ. ರಿಯೋ ಒಲಿಂಪಿಕ್ಸ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ ವಾಲ್ಟ್ ಫೈನಲ್‌ನಲ್ಲಿ ನಾಲ್ಕನೆಯವಳಾಗಿ ಬಂದಳು. 0.150 ಅಂಕದಲ್ಲಿ ಕಂಚು ತಪ್ಪಿತು. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಅವಳು. ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಅವಳ ಫೋಟೋ ಎಷ್ಟು ಸಲ ಬಂತು! ಕೈಮುಗಿಯುವ ಗುರುತು, ತ್ರಿವರ್ಣ ಧ್ವಜ, "ಭಾರತದ ಮಗಳು". ಅವಳೂ ಹಾಕಿದ್ದು ಲಿಯೋಟಾರ್ಡ್ ಅಲ್ವಾ? 2019ರಲ್ಲಿ ಯುಸಿಎಲ್‌ಎ ಕಾಲೇಜಿನ ಕೇಟ್ಲಿನ್ ಒಹಾಶಿ ಫ್ಲೋರ್‌ನಲ್ಲಿ 10ಕ್ಕೆ 10 ತೆಗೆದ ವಿಡಿಯೋವನ್ನೂ ಇದೇ ಗುಂಪಿನಲ್ಲಿ ಹಂಚಿಕೊಂಡೆವು. ದೂರದ ಹುಡುಗಿಯ ಮೈಮೇಲೆ ಸರಿ ಕಂಡ ಬಟ್ಟೆ ನಮ್ಮ ಮನೆಯ ಹುಡುಗಿಯ ಮೈಮೇಲೆ ಯಾಕೆ ಸರಿ ಕಾಣಲಿಲ್ಲ? ದಯವಿಟ್ಟು ಯೋಚನೆ ಮಾಡಿ.

ಇನ್ನೊಂದು ಹೆಸರನ್ನು ನಮ್ಮ ಕೂಟದಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಮೋಹಿನಿ ಭಾರದ್ವಾಜ್. ತಂದೆ ಭಾರತದವರು. ಅದೇ ಯುಸಿಎಲ್‌ಎ ಟೀಮಿನಲ್ಲಿ ಇದ್ದವಳು, 2000 ಮತ್ತು 2001ರಲ್ಲಿ ಆ ಟೀಮು ರಾಷ್ಟ್ರೀಯ ಚಾಂಪಿಯನ್. ಕಾಲೇಜು ಮುಗಿಸಿ, ಮತ್ತೆ ಮರಳಿ ಬಂದು, 25ನೇ ವಯಸ್ಸಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಅಮೆರಿಕ ಟೀಮಿನ ಕ್ಯಾಪ್ಟನ್ ಆಗಿ ಹೋದಳು, ಬೆಳ್ಳಿ ಪದಕ ತಂದಳು. ಸ್ಪೆಲ್ಲಿಂಗ್ ಬೀ ಗೆದ್ದ ಭಾರತೀಯ ಮಕ್ಕಳ ಹೆಸರನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಇವಳ ಹೆಸರನ್ನು ಒಂದು ಸಲವೂ ಹೇಳಲಿಲ್ಲ.

ಕೆಲವು ಪೋಷಕರ ಭಯ ನನಗೆ ಗೊತ್ತು. ಚಿಕಿತ್ಸೆಯ ಹೆಸರಿನಲ್ಲಿ ಜಿಮ್ನಾಸ್ಟ್ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಮಿಷಿಗನ್‌ನ ಆ ಡಾಕ್ಟರ್ ಲ್ಯಾರಿ ನಾಸರ್ ವಿಷಯ ಕೇಳಿದ ಮೇಲೆ ಹೆಣ್ಣುಮಗುವನ್ನು ಜಿಮ್‌ಗೆ ಕಳಿಸಲು ಯಾರಿಗಾದರೂ ಕೈ ನಡುಗುತ್ತದೆ. ನನಗೂ ನಡುಗಿತ್ತು. ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ 2018ರ ಜನವರಿಯಲ್ಲಿ ಆ ಕೋರ್ಟಿನಲ್ಲಿ ನಡೆದದ್ದನ್ನು ನಾನು ಮಗಳ ಜೊತೆ ಕೂತು ನೋಡಿದೆ. 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಮಾತು ಅಲ್ಲಿ ಕೇಳಿಸಿತು. ಎಷ್ಟೋ ಜನ ಎದ್ದು ನಿಂತು, ಮುಖ ತೋರಿಸಿ, ಹೆಸರು ಹೇಳಿ ಮಾತಾಡಿದರು. ಅವನಿಗೆ 40ರಿಂದ 175 ವರ್ಷ ಶಿಕ್ಷೆಯಾಯಿತು. ವರ್ಷಗಟ್ಟಲೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದವರ ಮಾತನ್ನು ದೊಡ್ಡವರು ನಂಬಲಿಲ್ಲ, ಉಳಿದವರಿಗೆ ನಾಚಿಕೆ. ತನ್ನ ಮೈ ಬಗ್ಗೆ ನಾಚಿಕೊಳ್ಳುವುದನ್ನು ಕಲಿತ ಹುಡುಗಿ ತನಗಾದ ಅನ್ಯಾಯವನ್ನು ಬಾಯಿಬಿಟ್ಟು ಹೇಳಲಾರಳು. ನೀವು ಪರದೆಯಿಂದ ಆ ಫೋಟೋ ತೆಗೆದಾಗ ಸಭೆಯಲ್ಲಿದ್ದ ಸಣ್ಣ ಹುಡುಗಿಯರೂ ಅದೇ ನಾಚಿಕೆಯನ್ನು ಕಲಿತರು. ಅವರಲ್ಲಿ ಇಬ್ಬರು ಜಿಮ್‌ಗೆ ಹೋಗುವವರು. ಇಬ್ಬರೂ ಆಮೇಲೆ ನನ್ನ ಮಗಳ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅಕ್ಕ, ನಿಂದು ಯಾಕೆ ಹಾಕಿಲ್ಲ?"

ಈ ಪತ್ರವನ್ನು ಈಗಲೇ ಬರೆಯಲು ಇನ್ನೊಂದು ಕಾರಣ ಇದೆ. ಈ ಆಟಕ್ಕೆ ಕಷ್ಟದ ದಿನಗಳು ಬಂದಿವೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೊಸ ವ್ಯವಸ್ಥೆಯಲ್ಲಿ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಒಂದೊಂದು ಕಾಲೇಜು ವರ್ಷಕ್ಕೆ ಒಟ್ಟು ಸುಮಾರು 2 ಕೋಟಿ ಡಾಲರ್‌ವರೆಗೆ. ಆಟಗಾರರಿಗೆ ಹಣ ಸಿಗುವುದು ನ್ಯಾಯವೇ. ಆದರೆ ಅದರಲ್ಲಿ ದೊಡ್ಡ ಪಾಲು ಹೋಗುವುದು ಫುಟ್‌ಬಾಲ್‌ಗೆ, ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ. ಇದಕ್ಕೆ ಒಪ್ಪಿದ ಕಾಲೇಜುಗಳಲ್ಲಿ ಜಿಮ್ನಾಸ್ಟಿಕ್ಸ್ ಟೀಮಿಗೆ 20 ಜನರ ಮಿತಿ ಬಂದಿದೆ. ಮೊದಲು ಕತ್ತರಿ ಬೀಳುವುದು ನನ್ನ ಮಗಳಂಥ ವಾಕ್-ಆನ್ ಹುಡುಗಿಯರಿಗೆ. ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಕಥೆ ಇನ್ನೂ ಬೇಸರದ್ದು. ಕಪ್ಪು ಜನರ ಓದಿಗಾಗಿ ಹುಟ್ಟಿದ ಕಾಲೇಜುಗಳಲ್ಲಿ ಮೊಟ್ಟಮೊದಲ ಜಿಮ್ನಾಸ್ಟಿಕ್ಸ್ ಟೀಮು ಅವರದು, ಕಣಕ್ಕೆ ಇಳಿದದ್ದು 2023ರ ಜನವರಿಯಲ್ಲಿ. ಅವರ ಕಾನ್ಫರೆನ್ಸ್‌ನಲ್ಲಿ ಈ ಆಟವೇ ಇಲ್ಲ, ಮೀಟ್ ಹೊಂದಿಸುವುದು, ಹುಡುಗಿಯರನ್ನು ಕರೆತರುವುದು ಕಷ್ಟ ಎಂದು ಹೇಳಿ, 2025-26ರ ಸೀಸನ್ನೇ ಕೊನೆ ಎಂದು 2025ರ ಜುಲೈನಲ್ಲಿ ಘೋಷಿಸಿದರು. ಅಲಬಾಮಾದ ಟಲಡೀಗ ಕಾಲೇಜಿನ ಟೀಮು 2024ರಲ್ಲಿ ಒಂದೇ ಸೀಸನ್ ಆಡಿ ಮುಚ್ಚಿಹೋಯಿತು.

ಇನ್ನೊಂದು ಕಡೆ ಯೂಟಾ ವಿಶ್ವವಿದ್ಯಾಲಯ ಇದೆ. ಸಾಲ್ಟ್ ಲೇಕ್ ಸಿಟಿಯ ಹಂಟ್ಸ್‌ಮನ್ ಸೆಂಟರ್‌ನಲ್ಲಿ ಹುಡುಗಿಯರ ಮೀಟ್ ನೋಡಲು 15 ಸಾವಿರ ಜನ ಸೇರಿದ ದಿನಗಳಿವೆ. ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಂಥ ಟೀಮನ್ನು ಮುಚ್ಚುತ್ತೇನೆ ಎನ್ನಲು ಯಾರಿಗೂ ಅಷ್ಟು ಸುಲಭವಾಗಿ ಧೈರ್ಯ ಬರಲಾರದು. ನಮ್ಮ ಮೀಟ್‌ಗಳಲ್ಲಿ ಎಷ್ಟೋ ಸಲ ಅಪ್ಪ ಅಮ್ಮಂದಿರನ್ನು ಬಿಟ್ಟರೆ ಜನ ಇರುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಕೂಟದಿಂದ ಒಂದೇ ಒಂದು ಕುಟುಂಬ ಬಂದಿತ್ತು. ಅವರ ಋಣ ನಾನು ಮರೆಯುವುದಿಲ್ಲ.

ಹಾಗಾಗಿ ಸಮಿತಿಯಲ್ಲಿ ನನ್ನ ಕೋರಿಕೆ ಇದು. ನವೆಂಬರ್‌ನ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆ ಫೋಟೋವನ್ನು ಅವಳ ಹೆಸರಿನ ಜೊತೆ ಪರದೆಯ ಮೇಲೆ ಹಾಕಿ. ನನಗೆ ಕ್ಷಮೆ ಕೇಳುವುದು ಬೇಡ. ಆ ಇಬ್ಬರು ಸಣ್ಣ ಹುಡುಗಿಯರು ನೋಡಬೇಕು, ಅಷ್ಟೇ. ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ಮಾರ್ಕ್ಸ್, ಸಂಗೀತ, ನೃತ್ಯ, ಸ್ಪೆಲ್ಲಿಂಗ್ ಬೀಗೆ ಜಾಗ ಇದೆ, ಆಟಕ್ಕೆ ಇಲ್ಲ. ಒಂದು ಸಾಲು ಸೇರಿಸಿ. ಈಜುವ ಮಕ್ಕಳಿದ್ದಾರೆ, ಓಡುವ ಮಕ್ಕಳಿದ್ದಾರೆ, ಅವರೆಲ್ಲ ಈಗ ಎಲ್ಲಿ ಬರೆದುಕೊಳ್ಳಬೇಕು? ಮತ್ತೆ ಮಕ್ಕಳ ಫೋಟೋ ಬದಲಾಯಿಸುವ ಮುಂಚೆ ಆ ಮಗುವನ್ನು ಒಂದು ಮಾತು ಕೇಳಿ. ಅವಳಿಗೆ 22 ವರ್ಷ. ಫೋನ್ ನಂಬರ್ ನಿಮ್ಮ ಹತ್ತಿರವೇ ಇತ್ತು.

ಜನವರಿಯಲ್ಲಿ ಸಂಕ್ರಾಂತಿ ಮುಗಿದ ಮೇಲಿನ ಒಂದು ಶುಕ್ರವಾರ ಅಥವಾ ಶನಿವಾರ ಕೂಟದಿಂದ ಎಲ್ಲರೂ ಸೇರಿ ಒಂದು ಮೀಟ್‌ಗೆ ಹೋಗೋಣ. ಊರಿನಿಂದ ಬಂದಿರುವ ಅಜ್ಜಿ ತಾತಂದಿರನ್ನೂ ಕರೆದುಕೊಂಡು. ಅವರಿಗೆ ಸರಿ ಕಾಣುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿದ್ದೇವೆ, ಅವರನ್ನು ಕೇಳಿಲ್ಲ. ನನ್ನ ಅತ್ತೆಗೆ 78. ಹೋದ ವರ್ಷ ಬಂದಿದ್ದರು. ಮೊದಲ ಹತ್ತು ನಿಮಿಷ ಸೆರಗನ್ನು ಬಾಯಿಗೆ ಇಟ್ಟುಕೊಂಡು ಕೂತಿದ್ದರು. ಬೀಮ್ ಶುರುವಾದ ಮೇಲೆ ಪ್ರತಿ ಹುಡುಗಿ ಹತ್ತುವಾಗಲೂ "ಕಾಪಾಡಪ್ಪ ಆಂಜನೇಯ" ಎಂದು ಕೈ ಮುಗಿಯುತ್ತಿದ್ದರು. ಎದುರಾಳಿ ಟೀಮಿನ ಹುಡುಗಿಯರಿಗೂ ಬಿಡಲಿಲ್ಲ. ದಾರಿಯಲ್ಲಿ ಬಟ್ಟೆಯ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ಮಗೂಗೆ ಚಳಿ ಆಗಲ್ವೇನೇ?"

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. 12, 13 ವರ್ಷ ಆಯಿತು, ಇನ್ನು ಓದಿಗೆ ಕೂರಲಿ, ಇನ್ನು ಆ ಬಟ್ಟೆ ಬೇಡ ಎಂದು ಹುಡುಗಿಯರನ್ನು ಜಿಮ್‌ನಿಂದ ಬಿಡಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು, ಒಂದು ತಿಂಗಳು ಬಿಡಿಸಿಯೂ ಇದ್ದೆವು. ಆ ತಿಂಗಳು ಅವಳು ರಾತ್ರಿ ಹೊತ್ತು ಹಜಾರದ ಟೈಲ್ಸ್ ಗೆರೆಯ ಮೇಲೆ ನಡೆಯುತ್ತಿದ್ದಳು. ಅದನ್ನು ನೋಡಿ ಮತ್ತೆ ಸೇರಿಸಿದೆವು. ಬಿಡಿಸಲೇಬೇಕಾದ ಕಾರಣ ಇರಬಹುದು. ಹಣ ಇರಬಹುದು, ಗಾಯ ಇರಬಹುದು. ಆದರೆ ನಿರ್ಧಾರ ಮಾಡುವಾಗ ಮಗಳನ್ನೂ ಮೇಜಿನ ಹತ್ತಿರ ಕೂರಿಸಿಕೊಳ್ಳಿ.

ಆ ಫೋಟೋವನ್ನು ಇವತ್ತು ರಾತ್ರಿ ಸಮಿತಿಯ ಇಮೇಲ್‌ಗೆ ಮತ್ತೆ ಕಳಿಸಿದ್ದೇನೆ. ಈ ಸಲ ಮಗಳನ್ನು ಕೇಳಿಯೇ ಕಳಿಸಿದ್ದು. ಕೆಳಗೆ ಹಾಕಲು ಸಾಲನ್ನು ಅವಳೇ ಕನ್ನಡದಲ್ಲಿ ಬರೆದು ಕೊಟ್ಟಿದ್ದಾಳೆ: "ಬೀಮ್, ಸೀನಿಯರ್ ನೈಟ್, 9.825."

ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಕೂಟದ 14 ವರ್ಷದ ಸದಸ್ಯೆ, ಒಬ್ಬ ಜಿಮ್ನಾಸ್ಟ್‌ನ ತಾಯಿ